ಮಾಜಿ ಆಟಗಾರನನ್ನು ಅನ್‌ಫಾಲೋ ಮಾಡಿದರೆ ನಿಜಕ್ಕೂ ಏನಾಗುತ್ತದೆ?

ಮುಧೋಳದಲ್ಲಿ ನಮ್ಮದೊಂದು ಟೆನಿಸ್ ಬಾಲ್ ತಂಡವಿದೆ. ಭಾನುವಾರ ಬೆಳಗಿನ ಮ್ಯಾಚು ಮುಗಿದ ಮೇಲೆ ಕೀಪರ್ ಬೇವಿನ ಗಿಡದ ನೆರಳಲ್ಲಿ ಕುಂತು ಫೋನ್ ಮುಂದೆ ಹಿಡಿದ. "ಇವನ್ನ ಇಟ್ಕೊಳ್ಳೇನು, ತೆಗೀಲೇನು?" ಪರದೆಯ ಮೇಲೆ ಇದ್ದದ್ದು ಅವನು ಶಾಲೆಯಲ್ಲಿದ್ದಾಗಿನಿಂದ ಆರಾಧಿಸಿದ ಮಾಜಿ ಕ್ರಿಕೆಟಿಗ. ಆಟದಿಂದ ನಿವೃತ್ತನಾಗಿ ವರ್ಷಗಳಾಗಿವೆ. ಈಗ ದುಡ್ಡು ಹಾಕಿ ಆಡುವ ಯಾವುದೋ ಆ್ಯಪಿನ ಹೆಸರು ಹೇಳಿ ನಗುತ್ತಿದ್ದ. ಕೀಪರನ ತಮ್ಮ ಅಂಥದೇ ಒಂದು ಆ್ಯಪಿಗೆ ಕಬ್ಬಿನ ಬಿಲ್ಲಿನ ದುಡ್ಡು ಹಾಕಿ ಕಳಕೊಂಡವನು. ಹಾಗಾಗಿ ಅವನ ಪ್ರಶ್ನೆ ತಮಾಷೆಯದಾಗಿರಲಿಲ್ಲ.

ಸುತ್ತ ಕುಂತವರು ತಲಾ ಒಂದು ಮಾತು ಹೇಳಿದರು. "ಅನ್‌ಫಾಲೋ ಮಾಡಿದ್ರ ಅವಗ ಗೊತ್ತಾಗ್ತದ" ಎಂದ ಒಬ್ಬ. "ಗೊತ್ತಾಗಲಿ ಬಿಡು, ಅವನ ರೊಕ್ಕಕ್ಕ ಪೆಟ್ಟು ಬೀಳ್ತದ" ಎಂದ ಇನ್ನೊಬ್ಬ. ಮೂರನೆಯವನು, "ಏನ್ ಮಾಡಿದ್ರೂ ಮತ್ತ ಬಂದ ಬರ್ತಾನ" ಎಂದ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಎಷ್ಟು ಎಂದು ತಿಳಿಯಬೇಕಾದರೆ ಆ ಗುಂಡಿಯ ಹಿಂದೆ ಏನು ನಡೆಯುತ್ತದೆ ಎಂಬುದರಿಂದಲೇ ಶುರು ಮಾಡಬೇಕು.

ಫಾಲೋ ಅಂದರೆ ಕಾಲುವೆಯ ತೂಬು

ನಮ್ಮ ಕಡೆಯವರಿಗೆ ಹೋಲಿಕೆಗೆ ದೂರ ಹೋಗಬೇಕಿಲ್ಲ. ಹಿಡಕಲ್ ಡ್ಯಾಮಿನಿಂದ ಘಟಪ್ರಭಾ ಕಾಲುವೆ ಬರುತ್ತದೆ, ಅದರಿಂದ ಸಣ್ಣ ಕಾಲುವೆ, ಕೊನೆಗೆ ಹೊಲದ ತಲೆಗೆ ಒಂದು ತೂಬು. ಫಾಲೋ ಮಾಡುವುದೆಂದರೆ ಆ ತೂಬು ಎತ್ತಿ, "ಇವರ ಕಡೆಯಿಂದ ಬರೋ ನೀರು ನನ್ನ ಹೊಲಕ್ಕ ಬರಲಿ" ಎಂದು ಹೇಳಿದ ಹಾಗೆ. ಆ ವ್ಯಕ್ತಿ ಹಾಕಿದ ಫೋಟೋ, ವಿಡಿಯೋ, ಬರಹ ನಿಮ್ಮ ಫೋನಿನ ಮುಖಪುಟಕ್ಕೆ ಹರಿದು ಬರುತ್ತದೆ. ಈ ಹರಿವಿಗೆ ಫೀಡ್ ಎಂದು ಹೆಸರು.

ಮೊದಲು ಇನ್‌ಸ್ಟಾಗ್ರಾಮಿನಲ್ಲಿ ನೀರು ಸರದಿಯಲ್ಲೇ ಬರುತ್ತಿತ್ತು: ಈಗ ಹಾಕಿದ್ದು ಮೇಲೆ, ಹಳೆಯದು ಕೆಳಗೆ. 2016ರಲ್ಲಿ ಈ ಸರದಿ ತಪ್ಪಿತು. ಅಂದಿನಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ಒಂದು ಲೆಕ್ಕದ ಯಂತ್ರ ತೀರ್ಮಾನಿಸುತ್ತದೆ. ಆಲ್ಗರಿದಮ್ ಎಂದು ಕರೆಯುವುದು ಇದನ್ನೇ. ಕಾಲುವೆಯ ಮೇಲೆ ನಿಂತ ನೀರಗಂಟಿಯಂತೆ ಅದು ನಿಮ್ಮ ಹೊಲ ನೋಡುತ್ತಿರುತ್ತದೆ. ನೀವು ಯಾವ ವಿಡಿಯೋದ ಮುಂದೆ ಎಷ್ಟು ಹೊತ್ತು ನಿಂತಿರಿ, ಯಾವುದಕ್ಕೆ ಲೈಕ್ ಒತ್ತಿದಿರಿ, ಯಾವುದನ್ನು ಗೆಳೆಯನಿಗೆ ಕಳಿಸಿದಿರಿ ಎಲ್ಲ ಅದರ ಲೆಕ್ಕದಲ್ಲಿದೆ. ಹಳೆಯ ಸರದಿಯೇ ಬೇಕೆನ್ನುವವರಿಗೆ 2022ರಿಂದ 'ಫಾಲೋಯಿಂಗ್' ಎಂಬ ಪ್ರತ್ಯೇಕ ನೋಟ ಇದೆ, ಆದರೆ ಆ್ಯಪ್ ತೆರೆದಾಗಲೆಲ್ಲ ನಾವೇ ಅದನ್ನು ಆರಿಸಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಫಾಲೋ ಒತ್ತುವಾಗ ನಮ್ಮ ಮನಸ್ಸಿನಲ್ಲಿ ಇರುವುದು ಅಭಿಮಾನ. ಯಂತ್ರಕ್ಕೆ ಅಭಿಮಾನ ಗೊತ್ತಿಲ್ಲ. ಅದರ ಪಾಲಿಗೆ ಇದು ಬರೀ ತೂಬು. ಮಾಜಿ ಆಟಗಾರರ ವಿಷಯದಲ್ಲಿ ಹುಟ್ಟುವ ಹೆಚ್ಚಿನ ಗೊಂದಲಕ್ಕೆ ಮೂಲ ಈ ಎರಡನ್ನೂ ಒಂದೇ ಎಂದುಕೊಳ್ಳುವುದು.

ಮುಚ್ಚುವುದಕ್ಕೂ ಬಗೆಗಳಿವೆ

ಅನ್‌ಫಾಲೋ ಎಂದರೆ ತೂಬು ಇಳಿಸಿ ನೀರಿನ ಪಟ್ಟಿಯಿಂದಲೂ ಹೆಸರು ತೆಗೆಸಿದಂತೆ. ಆತನ ಅನುಯಾಯಿಗಳ ಸಂಖ್ಯೆಯಲ್ಲಿ ಒಂದು ಕಡಿಮೆಯಾಗುತ್ತದೆ.

ಮ್ಯೂಟ್ ಬೇರೆ. ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಟ್ವಿಟರ್‌ನಲ್ಲಿ (ಈಗಿನ ಎಕ್ಸ್) ಇದು 2014ರಲ್ಲಿ ಬಂತು, ಇನ್‌ಸ್ಟಾಗ್ರಾಮಿನಲ್ಲಿ 2018ರಲ್ಲಿ. ಬೇಕಾದಾಗ ಆತನ ಪುಟಕ್ಕೆ ನಾವೇ ಹೋಗಿ ನೋಡಬಹುದು. ಫೇಸ್‌ಬುಕ್ಕಿನಲ್ಲಿ 'ಸ್ನೂಜ್' ಎಂಬುದೊಂದಿದೆ, 30 ದಿನದ ಮಟ್ಟಿಗೆ ಬಾಯಿ ಮುಚ್ಚಿಸುತ್ತದೆ, ಆಮೇಲೆ ತಾನಾಗಿ ತೆರೆದುಕೊಳ್ಳುತ್ತದೆ. ಐಪಿಎಲ್ ಸಮಯದಲ್ಲಿ ದಿನಕ್ಕೆ ಹತ್ತು ಪೋಸ್ಟ್ ಹಾಕುವವರಿಗೆ ಇದೇ ಸರಿ ಎಂದು ನನಗನ್ನಿಸುತ್ತದೆ. ಬ್ಲಾಕ್ ಎಂದರೆ ನಡುವೆ ಗೋಡೆ ಕಟ್ಟಿದಂತೆ. ನಮಗೆ ಪರಿಚಯವೇ ಇಲ್ಲದ ದೊಡ್ಡ ಆಟಗಾರನಿಗೆ ಗೋಡೆ ಕಟ್ಟುವ ಅಗತ್ಯ ಬೀಳುವುದು ಕಡಿಮೆ.

ಎಕ್ಸ್ ಬಳಸುವವರಿಗೆ ಇನ್ನೊಂದು ದಾರಿ ಇದೆ: 'ಲಿಸ್ಟ್'. ಯಾರನ್ನೂ ಫಾಲೋ ಮಾಡದೆ ಅವರ ಹೆಸರುಗಳನ್ನು ಒಂದು ಖಾಸಗಿ ಪಟ್ಟಿಗೆ ಸೇರಿಸಿ, ಮನಸ್ಸು ಬಂದಾಗ ಅದನ್ನಷ್ಟೇ ತೆರೆದು ಓದಬಹುದು. ಅನಿಲ್ ಕುಂಬ್ಳೆಯವರ ಖಾತೆಯ ಹೆಸರಿನಲ್ಲಿ 1074 ಎಂಬ ಅಂಕೆ ಇದೆ. 1999ರ ಫೆಬ್ರವರಿಯಲ್ಲಿ ದಿಲ್ಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ 74 ರನ್ನಿಗೆ 10 ವಿಕೆಟ್ ತೆಗೆದದ್ದರ ಗುರುತು ಅದು. ಅಂಥ ನೆನಪುಗಳಿಗಾಗಿಯೇ ಮಾಜಿಗಳನ್ನು ಹಿಂಬಾಲಿಸುವವರಿಗೆ ಲಿಸ್ಟ್ ಒಳ್ಳೆಯ ಉಪಾಯ, ದಿನದ ಗದ್ದಲ ತಪ್ಪುತ್ತದೆ.

ಇನ್ನು ಮೊದಲನೆಯವನ ಮಾತು, 'ಅವಗ ಗೊತ್ತಾಗ್ತದ' ಎಂಬುದು. ಅನ್‌ಫಾಲೋ ಮಾಡಿದರೆ ಆತನಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಮ್ಯೂಟ್ ಮಾಡಿದರೂ ಇಲ್ಲ. ನೂರಿನ್ನೂರು ಜನ ಇರುವ ಖಾತೆಯಾದರೆ ಪಟ್ಟಿ ನೋಡಿ ಪತ್ತೆ ಹಚ್ಚಿಯಾನು. ಲಕ್ಷಗಳಲ್ಲಿ ಇರುವವನಿಗೆ ಮುಧೋಳದ ಕೀಪರ್ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ತೂಬು ಇಳಿಸಿದರೂ ಜವಳು ನಿಲ್ಲುವುದಿಲ್ಲ

ಮೂರನೆಯವನ ಮಾತು ಹೆಚ್ಚು ನಿಜ. ನಮ್ಮ ಕಡೆ ಎಷ್ಟೋ ಹೊಲಗಳಿಗೆ ಸವಳು-ಜವಳಿನ ಕಾಟ ಇದೆ. ನಮ್ಮ ತೂಬು ಬಂದ್ ಇದ್ದರೂ ಮೇಲಿನ ಹೊಲದವನು ಬೇಕಾಬಿಟ್ಟಿ ನೀರು ಬಿಟ್ಟರೆ ಅದು ನೆಲದೊಳಗಿಂದ ಬಸಿದು ನಮ್ಮ ಹೊಲದಲ್ಲಿ ಎದ್ದು ನಿಲ್ಲುತ್ತದೆ. ಫೀಡಿನಲ್ಲೂ ಹೀಗೇ.

ಗೆಳೆಯ ಹಂಚಿಕೊಂಡ ವಿಡಿಯೋ ಬರುತ್ತದೆ. ಅಭಿಮಾನಿ ಪುಟಗಳು ಅದನ್ನೇ ಕತ್ತರಿಸಿ ಹಾಕುತ್ತವೆ. ಕಂಪನಿ ಮತ್ತು ಆಟಗಾರ ಇಬ್ಬರ ಹೆಸರಿನಲ್ಲೂ ಒಟ್ಟಿಗೆ ಬರುವ ಜಂಟಿ ಪೋಸ್ಟ್‌ಗಳಿವೆ. ನೀವು ಕಂಪನಿಯನ್ನು ಫಾಲೋ ಮಾಡಿದ್ದರೆ ಆಟಗಾರನೂ ಜೊತೆಗೇ ಬಂದ. ಎಲ್ಲಕ್ಕಿಂತ ಮುಖ್ಯವಾಗಿ, ಕಂಪನಿ ದುಡ್ಡು ಕೊಟ್ಟು ಆತನ ಪೋಸ್ಟನ್ನೇ ಜಾಹೀರಾತಾಗಿ ಓಡಿಸಿದರೆ ಅದು ಯಾರ ಫೋನಿಗೆ ಹೋಗಬೇಕೆಂಬುದನ್ನು ನಿಮ್ಮ ಫಾಲೋ ತೀರ್ಮಾನಿಸುವುದಿಲ್ಲ, ಕಂಪನಿಯ ಜೇಬು ತೀರ್ಮಾನಿಸುತ್ತದೆ.

ಜವಳಿಗೆ ಬಸಿಗಾಲುವೆ ತೋಡುತ್ತಾರಲ್ಲ, ಇಲ್ಲಿಯೂ ಅಂಥದ್ದಿದೆ. ಪೋಸ್ಟಿನ ಮೇಲಿನ ಮೂರು ಚುಕ್ಕೆ ಒತ್ತಿ 'ನಾಟ್ ಇಂಟರೆಸ್ಟೆಡ್' ಎಂದು ಹೇಳುವುದು ಒಂದು. ಹಾಗೆ ನಾಲ್ಕಾರು ಬಾರಿ ಹೇಳಿದರೆ ಲೆಕ್ಕದ ಯಂತ್ರ ದಾರಿ ಬದಲಿಸತೊಡಗುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ 2024ರ ಕೊನೆಗೆ ಶಿಫಾರಸುಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವ ಸೌಲಭ್ಯವೂ ಬಂತು. ಇವೆರಡೂ ಮಾಡದೆ ಬರೀ ಅನ್‌ಫಾಲೋ ಒತ್ತಿ, ಆಮೇಲೆ "ಏನ್ ಹಾಕ್ಯಾನ ನೋಡೋಣ" ಎಂದು ದಿನಾ ಆತನ ಹೆಸರು ಹುಡುಕುತ್ತಿದ್ದರೆ, ಇವರಿಗೆ ಇವನೇ ಬೇಕು ಎಂದು ಯಂತ್ರ ತಿಳಿದುಕೊಳ್ಳುತ್ತದೆ. ತಪ್ಪು ಅದರದ್ದಲ್ಲ.

ಮಾಜಿ ಎಂದರೆ ಯಾವ ಮಾಜಿ?

ನಿವೃತ್ತನಾದವನೂ ಮಾಜಿ, ನಮ್ಮ ತಂಡ ಬಿಟ್ಟು ಹೋದವನೂ ಮಾಜಿ. ಅಭಿಮಾನಿಗಳು ಅನ್‌ಫಾಲೋ ಮಾಡುವ ಕಾರಣ ಎರಡರಲ್ಲೂ ಬೇರೆ ಬೇರೆ.

ಆರ್‌ಸಿಬಿಯನ್ನೇ ನೋಡಿ. ಬೆಳಗಾವಿಯ ಖಡೇಬಜಾರಿನಿಂದ ವಿಜಯಪುರದ ಗಾಂಧಿ ಚೌಕಿನ ತನಕ ಈ ತಂಡಕ್ಕೆ ಇರುವ ಪ್ರೀತಿ ಹೇಳಬೇಕಿಲ್ಲ. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಮಹಾ ಹರಾಜು ನಡೆಯುತ್ತದೆ. ತಂಡಗಳು ಬೆರಳೆಣಿಕೆಯ ಆಟಗಾರರನ್ನು ಉಳಿಸಿಕೊಂಡು ಮಿಕ್ಕವರನ್ನು ಬಿಡಬೇಕು, ಬಿಟ್ಟವರನ್ನು ಯಾರು ಬೇಕಾದರೂ ಕೂಗಿ ಕೊಳ್ಳಬಹುದು. ದನದ ಸಂತೆ ಎಂದು ಹಿರಿಯರೊಬ್ಬರು ನಕ್ಕಿದ್ದರು. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ, ಏಳು ವರ್ಷ ಆರ್‌ಸಿಬಿಗೆ ಬೌಲ್ ಮಾಡಿದ ಮೊಹಮ್ಮದ್ ಸಿರಾಜ್ 12.25 ಕೋಟಿ ರೂಪಾಯಿಗೆ ಗುಜರಾತ್ ಟೈಟನ್ಸ್ ಪಾಲಾದರು. 2025ರ ಏಪ್ರಿಲ್ 2ರಂದು ಅದೇ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದು ಆರ್‌ಸಿಬಿಯ 3 ವಿಕೆಟ್‌ಗಳನ್ನು 19 ರನ್ನಿಗೆ ಕಿತ್ತರು. ಎಂಟು ದಿನ ಬಿಟ್ಟು ಕೆ.ಎಲ್. ರಾಹುಲ್ ಡೆಲ್ಲಿ ಪರವಾಗಿ ಅಲ್ಲೇ ಔಟಾಗದೆ 93 ಹೊಡೆದರು. ಅವರೂ ಒಮ್ಮೆ ಆರ್‌ಸಿಬಿಯ ಅಂಗಿ ತೊಟ್ಟವರೇ, ಮೇಲಾಗಿ ಕರ್ನಾಟಕದವರು.

ಇಂಥ ರಾತ್ರಿಗಳಲ್ಲಿ ಬೆರಳು ತಾನಾಗಿ ಅನ್‌ಫಾಲೋ ಕಡೆ ಹೋಗುತ್ತದೆ. ಆದರೆ ಹೋದವನು ಹೋಗಲೇಬೇಕೆಂದು ಹೋದನೋ, ತಂಡವೇ ಬಿಟ್ಟಿತೋ ಎಂಬುದು ಬೇರೆ ಪ್ರಶ್ನೆ. ಹರಾಜಿನ ಪದ್ಧತಿಯಲ್ಲಿ ಯಾರು ಹೆಚ್ಚು ಕೂಗಿದರೋ ಅವರ ಪಾಲು. ಅಲ್ಲಿ ಆಟಗಾರನ ಕೈಯಲ್ಲಿ ಏನೂ ಇರುವುದಿಲ್ಲ.

ನಿವೃತ್ತರ ಲೆಕ್ಕ ತಿರುವುಮುರುವು. ಎ.ಬಿ. ಡಿವಿಲಿಯರ್ಸ್ 2021ರಲ್ಲಿ ಎಲ್ಲ ಬಗೆಯ ಕ್ರಿಕೆಟ್ ಬಿಟ್ಟರು. 2023ರಲ್ಲಿ ಆರ್‌ಸಿಬಿ ಅವರ 17 ಮತ್ತು ಕ್ರಿಸ್ ಗೇಲ್ ಅವರ 333ನೇ ನಂಬರಿನ ಅಂಗಿಗಳನ್ನು ಇನ್ಯಾರಿಗೂ ಕೊಡುವುದಿಲ್ಲವೆಂದು ನಿವೃತ್ತಿಗೊಳಿಸಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಗೆದ್ದು ತಂಡ ಮೊದಲ ಕಪ್ ಎತ್ತಿದಾಗ ಇಬ್ಬರೂ ಮೈದಾನದಲ್ಲಿದ್ದರು. ನಮ್ಮೂರಲ್ಲಿ ಅವರನ್ನು ಯಾರೂ ಹಳಬರೆಂದು ನೋಡಲಿಲ್ಲ.

ಗೆದ್ರ ನಾವು, ಸೋತ್ರ ಅವ್ರು

ಒಬ್ಬ ಅಪರಿಚಿತ ಏನೋ ಬರೆದದ್ದಕ್ಕೆ ನಮಗೇಕೆ ಸಂಕಟವಾಗಬೇಕು? ಇದಕ್ಕೆ ಸಮಾಜಶಾಸ್ತ್ರದಲ್ಲಿ ಹಳೆಯ ಉತ್ತರವಿದೆ. 1956ರಲ್ಲಿ, ಟಿವಿ ಅಮೆರಿಕದ ಮನೆಗಳಿಗೆ ಆಗಷ್ಟೇ ಬಂದಿದ್ದ ಕಾಲದಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ಒಂದು ವಿಚಿತ್ರ ಗಮನಿಸಿದರು. ಪರದೆಯ ಮೇಲೆ ಬರುವವನನ್ನು ನೋಡುಗರು ತಮ್ಮ ಗೆಳೆಯನೆಂದೇ ಭಾವಿಸುತ್ತಾರೆ, ಅವನಿಗೆ ಇವರ ಹೆಸರೂ ಗೊತ್ತಿರುವುದಿಲ್ಲ. ಇದನ್ನು ಒಮ್ಮುಖ ನಂಟು ಎನ್ನಬಹುದು.

ಮೊದಲು ಈ ನಂಟಿಗೆ ಒಂದು ಅಂತರ ಇತ್ತು. ಕುಸ್ತಿಯ ಪೈಲ್ವಾನ ವಯಸ್ಸಾದ ಮೇಲೆ ಜಾತ್ರೆಯ ಕಣದ ಪಕ್ಕ ರುಮಾಲು ಸುತ್ತಿ ಕುಂತಿರುತ್ತಿದ್ದ, ಜನ ಕೈ ಮುಗಿಯುತ್ತಿದ್ದರು, ವರ್ಷಕ್ಕೊಮ್ಮೆ. ಅವನು ಬೆಳಿಗ್ಗೆ ಏನು ತಿಂದ, ಯಾರಿಗೆ ಓಟು ಹಾಕಿದ, ಯಾವ ಎಣ್ಣೆ ಹಚ್ಚಿಕೊಳ್ಳುತ್ತಾನೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಅವೆಲ್ಲ ದಿನಾ ತಿಳಿಯುತ್ತವೆ. ಆಟ ನೋಡಿ ಕಟ್ಟಿಕೊಂಡ ಮೂರ್ತಿಗೂ ಫೋನಿನಲ್ಲಿ ಮಾತಾಡುವ ಮನುಷ್ಯನಿಗೂ ತಾಳೆಯಾಗದಿದ್ದಾಗ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನಮ್ಮ ಮಾತಿನಲ್ಲೇ ಇದೆ. ಕಪ್ ಬಂದಾಗ "ನಾವು ಗೆದ್ವಿ", ಸೋತಾಗ "ಅವ್ರು ಸೋತ್ರು". ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಎಣಿಸಿ ನೋಡಿ 1976ರಲ್ಲಿ ಪ್ರಕಟಿಸಿದರು. ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ಮೇಲಿನ ಸೋಮವಾರ ಕಾಲೇಜಿನ ಹೆಸರಿನ ಬಟ್ಟೆ ತೊಟ್ಟು ಬರುವವರು ಹೆಚ್ಚು. ಫೋನಿನಲ್ಲಿ ಕೇಳಿದಾಗ ಗೆಲುವಿಗೆ 'ನಾವು' ಎನ್ನುವುದೂ ಹೆಚ್ಚು. ಬೇರೆಯವರ ಗೆಲುವಿನ ಬೆಳಕಿನಲ್ಲಿ ನಾವು ಮೈ ಕಾಯಿಸಿಕೊಳ್ಳುತ್ತೇವೆ. ಆ ಬೆಳಕಿಗೆ ಮಸಿ ಹತ್ತಿದರೆ ದೂರ ಸರಿಯುತ್ತೇವೆ. ಅನ್‌ಫಾಲೋ ಎಂಬುದು ಹೀಗೆ ದೂರ ಸರಿಯುವ ಅತಿ ಅಗ್ಗದ ದಾರಿ. ಅಂಗಿ ಸುಡಬೇಕಿಲ್ಲ, ಪೋಸ್ಟರ್ ಹರಿಯಬೇಕಿಲ್ಲ, ಒಂದು ಬೆರಳು ಸಾಕು.

ಪೋಸ್ಟಿನ ಹಿಂದಿನ ರೊಕ್ಕ

ಕೀಪರನ ಪ್ರಶ್ನೆಗೆ ನಿಜವಾದ ಗಂಟು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮಾಜಿ ಆಟಗಾರನ ಆದಾಯ ಎಲ್ಲಿಂದ? ಭಾರತ ತಂಡಕ್ಕೆ ಆಡಿದವರೆಲ್ಲ ಕೋಟ್ಯಧಿಪತಿಗಳು ಎಂಬ ಕಲ್ಪನೆ ಇದೆ. ಬಿಸಿಸಿಐ 2022ರಲ್ಲಿ ಪಿಂಚಣಿ ಹೆಚ್ಚಿಸಿದಾಗ, ತಿಂಗಳಿಗೆ 15 ಸಾವಿರ ಪಡೆಯುತ್ತಿದ್ದ ಪ್ರಥಮ ದರ್ಜೆ ಆಟಗಾರರಿಗೆ 30 ಸಾವಿರ, 37,500 ಪಡೆಯುತ್ತಿದ್ದ ಟೆಸ್ಟ್ ಆಟಗಾರರಿಗೆ 60 ಸಾವಿರ ಆಯಿತು. ಬದುಕಲು ಸಾಕು, ತಾರೆಯಾಗಿ ಬದುಕಲು ಸಾಲದು. ಆಡುವ ಕಾಲ ಮುಗಿದ ಮೇಲೆ ಅವರ ಬಳಿ ಮಾರಲು ಉಳಿಯುವುದು ಎರಡೇ: ಆಟದ ತಿಳಿವಳಿಕೆ ಮತ್ತು ಹೆಸರು. ಮೊದಲನೆಯದಕ್ಕೆ ಕೋಚಿಂಗ್, ಕಾಮೆಂಟರಿ. ಎರಡನೆಯದಕ್ಕೆ ಜಾಹೀರಾತು. ಫಾಲೋ ಮಾಡುವ ಜನರ ಸಂಖ್ಯೆ ಎಂದರೆ ಆ ಹೆಸರಿನ ತೂಕ.

ಕಂಪನಿಗಳು ಬರೀ ತೂಕ ನೋಡುವುದಿಲ್ಲ, ಕಬ್ಬಿನಲ್ಲಿ ಇಳುವರಿ ನೋಡುವ ಹಾಗೆ ಇನ್ನೊಂದು ಲೆಕ್ಕ ಹಾಕುತ್ತವೆ. ಟನ್ನುಗಟ್ಟಲೆ ಕಬ್ಬು ಇದ್ದು ಸಕ್ಕರೆ ಅಂಶ ಇಲ್ಲದಿದ್ದರೆ ಏನು ಬಂತು? 10 ಲಕ್ಷ ಜನ ಫಾಲೋ ಮಾಡುವ ಖಾತೆಯ ಪೋಸ್ಟಿಗೆ 20 ಸಾವಿರ ಲೈಕ್, ಕಾಮೆಂಟ್ ಬಂದರೆ ನೂರಕ್ಕೆ 2 ಎಂದು ಲೆಕ್ಕ. ಇದಕ್ಕೆ ಎಂಗೇಜ್‌ಮೆಂಟ್ ಎನ್ನುತ್ತಾರೆ. ಈಗ ನಮ್ಮ ತಂಡದ ಹನ್ನೊಂದೂ ಜನ ಅನ್‌ಫಾಲೋ ಮಾಡಿದರೆ 10 ಲಕ್ಷ ಹೋಗಿ 9,99,989 ಆಗುತ್ತದೆ. ಪೆಟ್ಟು ಬೀಳುತ್ತದೆ ಎಂದವನ ಮಾತು ಇಲ್ಲಿಗೆ ಸೋಲುತ್ತದೆ. ವಿರಾಟ್ ಕೊಹ್ಲಿಯಂಥವರ ಇನ್‌ಸ್ಟಾಗ್ರಾಮಿನಲ್ಲಿ 27 ಕೋಟಿಗೂ ಹೆಚ್ಚು ಜನ ಇದ್ದಾರೆ. ಅಲ್ಲಂತೂ ನಮ್ಮದು ಕೃಷ್ಣಾ ನದಿಯಿಂದ ಒಂದು ತಂಬಿಗೆ ತೆಗೆದ ಲೆಕ್ಕ.

ಆದರೆ ಸಾವಿರಗಳಲ್ಲಿ ಇರುವವರ ವಿಷಯ ಬೇರೆ. ಬೆಳಗಾವಿ ತಾಲೂಕಿನ ತುರಮರಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ ಕುಸ್ತಿಯಂಥ ಆಟದಲ್ಲಿ ಕಂಚು ಗೆದ್ದರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದರು, ನ್ಯೂಜಿಲೆಂಡ್ 79ಕ್ಕೆ ಉರುಳಿತು, ಭಾರತ ಸೆಮಿಫೈನಲ್ ಸೇರಿತು. ನಮ್ಮ ಮಣ್ಣಿನ ಇಂಥ ಆಟಗಾರರಿಗೆ, ಸೈಕಲ್ ತುಳಿಯುವ ವಿಜಯಪುರ-ಬಾಗಲಕೋಟೆಯ ಹುಡುಗ ಹುಡುಗಿಯರಿಗೆ, ಊರಿನ ಪ್ರತಿ ಫಾಲೋ ಕಣ್ಣಿಗೆ ಕಾಣುವಷ್ಟು ದೊಡ್ಡದು. ಪ್ರಾಯೋಜಕರನ್ನು ಹುಡುಕಲು ಹೊರಟಾಗ ಅವರು ತೋರಿಸುವ ಮೊದಲ ಅಂಕಿಯೇ ಅದು.

ಇನ್ನೊಂದು ಎಡವಟ್ಟು ಇದೆ. ಸಿಟ್ಟು ಬಂದಾಗ ನಾವು ಅನ್‌ಫಾಲೋ ಮಾಡುವ ಮೊದಲು ಕೆಳಗೆ ಹೋಗಿ ನಾಲ್ಕು ಮಾತು ಬೈದು ಬರುತ್ತೇವೆ. ಯಂತ್ರಕ್ಕೆ ಬೈಗುಳವೂ ಕಾಮೆಂಟೇ, ಹೊಗಳಿಕೆಯೂ ಕಾಮೆಂಟೇ. ಎಂಗೇಜ್‌ಮೆಂಟ್ ಏರುತ್ತದೆ, ಪೋಸ್ಟು ಇನ್ನಷ್ಟು ಜನರಿಗೆ ಹೋಗುತ್ತದೆ. ಎಕ್ಸ್‌ನಲ್ಲಿ 2023ರಿಂದ ಅರ್ಹ ಖಾತೆಗಳಿಗೆ ಇಂಥ ಚಟುವಟಿಕೆಯ ಆಧಾರದ ಮೇಲೆ ಹಣವೂ ಸಿಗುತ್ತದೆ. ಬೈದು ಹೊರಗೆ ಬರುವವನು ಹೋಗುವಾಗ ತಟ್ಟೆಗೆ ಕಾಸು ಹಾಕಿ ಹೋದಂತೆ.

ಜಾಹೀರಾತೋ, ಮನಸ್ಸಿನ ಮಾತೋ?

ದುಡ್ಡು ತೆಗೆದುಕೊಂಡು ಹೇಳಿದ್ದನ್ನು ಸ್ವಂತ ಅನುಭವದಂತೆ ಹೇಳಬಾರದು ಎಂಬ ನಿಯಮ ಇದೆ. ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಎಎಸ್‌ಸಿಐ ಎಂಬ ಸ್ವನಿಯಂತ್ರಣ ಮಂಡಳಿ, 2021ರ ಜೂನ್ 14ರಿಂದ ಜಾಲತಾಣದ ಜಾಹೀರಾತುಗಳಿಗೆ ಎದ್ದು ಕಾಣುವ ಗುರುತು ಇರಬೇಕೆಂದಿತು. 'ಆ್ಯಡ್', 'ಸ್ಪಾನ್ಸರ್ಡ್', 'ಪಾರ್ಟ್‌ನರ್‌ಶಿಪ್', 'ಕೊಲ್ಯಾಬರೇಷನ್' ಎಂಬಂಥ ಪದಗಳು ಅವು. ದುಡ್ಡಿನ ಬದಲು ಪುಕ್ಕಟೆ ವಸ್ತು ಸಿಕ್ಕಿದ್ದರೂ ಹೇಳಬೇಕು. ಹತ್ತಾರು ಹ್ಯಾಶ್‌ಟ್ಯಾಗ್‌ಗಳ ಬಾಲದಲ್ಲಿ ಬಚ್ಚಿಟ್ಟರೆ ಆಗದು.

ಕಾನೂನಿನ ಬಲ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ. ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿ ತನಕ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಬಹುದು. ಒಂದು ವರ್ಷ, ಪುನರಾವರ್ತನೆಯಾದರೆ ಮೂರು ವರ್ಷ ಯಾವ ಜಾಹೀರಾತಿನಲ್ಲೂ ಕಾಣಿಸಿಕೊಳ್ಳಬೇಡ ಎನ್ನಬಹುದು. ಮುಂಚೆಯೇ ಸರಿಯಾಗಿ ವಿಚಾರಿಸಿ ನೋಡಿದ್ದೆ ಎಂದು ತೋರಿಸಿದರೆ ಹೊಣೆ ತಪ್ಪುತ್ತದೆ.

ದುಡ್ಡಿನ ಆಟದ ಆ್ಯಪ್‌ಗಳ ಕತೆ ಸ್ವಲ್ಪ ಉದ್ದ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇವನ್ನು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧದ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಅದರಂತೆ ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದ ತನಕ ಜೈಲು ಅಥವಾ 1 ಕೋಟಿ ತನಕ ದಂಡ ಅಥವಾ ಎರಡೂ. ಅದರ ಜಾಹೀರಾತಿಗೆ ಎರಡು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ. ಅದೇ ವರ್ಷ ಬೆಟ್ಟಿಂಗ್ ಆ್ಯಪ್ ಪ್ರಚಾರದ ವಿಷಯವಾಗಿ ಜಾರಿ ನಿರ್ದೇಶನಾಲಯ ಹೆಸರಾಂತ ಮಾಜಿ ಕ್ರಿಕೆಟಿಗರನ್ನು ಕರೆಸಿ ವಿಚಾರಿಸಿತು. ಅನ್‌ಫಾಲೋ ಮಾತು ಅಭಿಮಾನಿಗಳ ಬಾಯಲ್ಲಿ ಜೋರಾದದ್ದಕ್ಕೆ ಇದೂ ಒಂದು ಕಾರಣ. ವಿಚಾರಣೆ ಎಂದರೆ ಅಪರಾಧ ಸಾಬೀತಾದಂತೆ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಇನ್ನು ಏಲಕ್ಕಿಯ ಜಾಹೀರಾತು. 2003ರ ಕಾಯ್ದೆಯಂತೆ ತಂಬಾಕಿನ ಜಾಹೀರಾತು ಕೂಡದು. ಕರ್ನಾಟಕದಲ್ಲಿ 2013ರಿಂದ ಗುಟ್ಕಾಕ್ಕೂ ನಿಷೇಧ. ಹೀಗಿರುವಾಗ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದಲ್ಲಿ ಏಲಕ್ಕಿಯ ಪೊಟ್ಟಣ ತೋರಿಸುತ್ತಾರೆ. ಇದಕ್ಕೆ ಬದಲಿ ಜಾಹೀರಾತು ಎಂದು ಹೆಸರು. ಗೋಕಾಕದ ಪಾನ್ ಅಂಗಡಿಯ ಮುಂದೆ ನಿಂತ ಯಾರನ್ನು ಕೇಳಿದರೂ ಆ ಏಲಕ್ಕಿ ಯಾವುದು ಎಂದು ಹೇಳುತ್ತಾರೆ. 2022ರ ಕೇಂದ್ರ ಮಾರ್ಗಸೂಚಿ ಇಂಥವನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ.

ಆಕ್ಷೇಪಾರ್ಹ ಎನಿಸಿದರೆ ಪೋಸ್ಟಿನ ಮೇಲಿನ ಮೂರು ಚುಕ್ಕೆ ಒತ್ತಿ ರಿಪೋರ್ಟ್ ಮಾಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಣ ಹೋಗಿದ್ದರೆ ಸೈಬರ್ ಅಪರಾಧದ 1930. ಅನ್‌ಫಾಲೋ ಮಾಡುವ ಮೊದಲು ಪೋಸ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ದೂರು ಕೊಡಲು ಅನುಕೂಲ.

ಅಭಿಪ್ರಾಯ, ಹುದ್ದೆ, ಪಕ್ಷ

1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಅಮೀರ್ ಸೊಹೈಲ್ ಅವರ ಸ್ಟಂಪ್ ಹಾರಿಸಿದ ವೆಂಕಟೇಶ್ ಪ್ರಸಾದ್ ಅವರನ್ನು ಮರೆತ ಕನ್ನಡಿಗ ಸಿಗುವುದು ಕಷ್ಟ. 2023ರ ಫೆಬ್ರವರಿಯಲ್ಲಿ ಅದೇ ಪ್ರಸಾದ್, ರಾಹುಲ್‌ಗೆ ಟೆಸ್ಟ್ ತಂಡದಲ್ಲಿ ಮತ್ತೆ ಮತ್ತೆ ಅವಕಾಶ ಕೊಡುವುದನ್ನು ಪ್ರಶ್ನಿಸಿ ಟ್ವಿಟರ್‌ನಲ್ಲಿ ಸಾಲು ಸಾಲು ಬರೆದರು. ಇನ್ನೊಬ್ಬ ಮಾಜಿ ಆಟಗಾರ ಆಕಾಶ್ ಚೋಪ್ರಾ ರಾಹುಲ್ ಪರವಾಗಿ ಎದುರು ನಿಂತರು. ಪ್ರಸಾದ್, ರಾಹುಲ್ ಇಬ್ಬರೂ ಕನ್ನಡಿಗರೇ, ಅವರ ನಡುವೆ ಸಿಕ್ಕಿಕೊಂಡ ನಮ್ಮಂಥವರು ಯಾರ ಕಡೆ ನಿಲ್ಲಬೇಕು? ಇದು ಜಾಹೀರಾತಲ್ಲ, ಆಟದ ಬಗೆಗಿನ ಅಭಿಪ್ರಾಯ. ಹಿಡಿಸದಿದ್ದರೆ ವಾದ ಮಾಡಬಹುದು, ಅಂಕಿಅಂಶ ತೆಗೆದು ನೋಡಬಹುದು.

ಅಭಿಪ್ರಾಯ ಓದುವಾಗ ಹೇಳುವವನು ಈಗ ಯಾವ ಕುರ್ಚಿಯಲ್ಲಿದ್ದಾನೆ ಎಂದು ನೋಡುವುದು ಉಪಯೋಗಕ್ಕೆ ಬರುತ್ತದೆ. ಮಾಜಿ ಆಟಗಾರ ಒಂದು ತಂಡದ ಮೆಂಟರ್ ಆಗಿರಬಹುದು, ಪ್ರಸಾರದ ಚಾನೆಲ್ಲಿನ ಸಂಬಳದಲ್ಲಿರಬಹುದು. ಒಂದೇ ಮನುಷ್ಯ ತೀರ್ಪು ಕೊಡುವ ಜಾಗದಲ್ಲೂ ಲಾಭ ಪಡೆಯುವ ಜಾಗದಲ್ಲೂ ಇದ್ದರೆ ಅದಕ್ಕೆ ಹಿತಾಸಕ್ತಿ ಸಂಘರ್ಷ ಎನ್ನುತ್ತಾರೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿಯ ಶಿಫಾರಸಿನ ಮೇಲೆ ಬಿಸಿಸಿಐ ತನ್ನ ನಿಯಮಾವಳಿಯಲ್ಲೇ ಇದಕ್ಕೆ ಜಾಗ ಕೊಡಬೇಕಾಯಿತು.

ರಾಜಕೀಯ ಇನ್ನೂ ನೇರ. ಗೌತಮ್ ಗಂಭೀರ್ 2019ರಲ್ಲಿ ಬಿಜೆಪಿಯಿಂದ, ಯೂಸುಫ್ ಪಠಾಣ್ 2024ರಲ್ಲಿ ತೃಣಮೂಲ ಕಾಂಗ್ರೆಸ್‌ನಿಂದ ಲೋಕಸಭೆಗೆ ಗೆದ್ದರು. ಹರ್ಭಜನ್ ಸಿಂಗ್ 2022ರಲ್ಲಿ ಆಮ್ ಆದ್ಮಿ ಪಕ್ಷದಿಂದ ರಾಜ್ಯಸಭೆಗೆ ಹೋದರು. ರಾಜಕೀಯದಲ್ಲಿ ಇರುವಷ್ಟು ಕಾಲ ಇಂಥವರ ಖಾತೆ ಪಕ್ಷದ ಖಾತೆಯೂ ಹೌದು. ಕ್ರಿಕೆಟ್ ಓದಲೆಂದು ಫಾಲೋ ಮಾಡಿದವನಿಗೆ ಭಾಷಣ ಸಿಕ್ಕರೆ ಮ್ಯೂಟ್ ಇದ್ದೇ ಇದೆ.

ಮೊದಲು ಅವನೇ ಹೌದೋ ನೋಡಿ

2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಒಂದು ಗೇಮಿಂಗ್ ಆ್ಯಪ್ ಹೊಗಳುವ ವಿಡಿಯೋ ಹರಿದಾಡಿತು. ಮುಖ ಅವರದೇ, ದನಿಯೂ ಅವರದೇ ಎನ್ನುವಂತಿತ್ತು. ಅದು ನಕಲಿ ಎಂದು ಸ್ವತಃ ಸಚಿನ್ ಹೇಳಬೇಕಾಯಿತು. ಕಂಪ್ಯೂಟರಿನಿಂದ ಹೀಗೆ ಮುಖ, ದನಿ ಕದ್ದು ಕಟ್ಟುವುದಕ್ಕೆ ಡೀಪ್‌ಫೇಕ್ ಎನ್ನುತ್ತಾರೆ. ಬಯಲಾಟದಲ್ಲಿ ಬಣ್ಣ ಹಚ್ಚಿದವನು ರಾವಣ ಅಲ್ಲ ಎಂದು ನಮಗೆ ಗೊತ್ತಿರುತ್ತದೆ. ಇಲ್ಲಿ ಬಣ್ಣ ಹಚ್ಚಿದ್ದೇ ಗೊತ್ತಾಗುವುದಿಲ್ಲ.

ನೀಲಿ ಗುರುತನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಟ್ವಿಟರ್ 2023ರ ಏಪ್ರಿಲ್‌ನಲ್ಲಿ ಹಳೆಯ, ಪರಿಶೀಲಿಸಿ ಕೊಟ್ಟಿದ್ದ ಗುರುತುಗಳನ್ನು ತೆಗೆದುಹಾಕಿತು. ಈಗ ತಿಂಗಳ ಚಂದಾ ಕಟ್ಟಿದವರಿಗೆ ಅದು ಸಿಗುತ್ತದೆ. ಹಾಗಾಗಿ ವಿಡಿಯೋ ಆಟಗಾರನ ಸ್ವಂತ ಖಾತೆಯಲ್ಲೇ ಇದೆಯೇ, ಆ ಖಾತೆ ಎಷ್ಟು ಹಳೆಯದು, ತಂಡದ ಅಧಿಕೃತ ಖಾತೆ ಅದನ್ನು ಫಾಲೋ ಮಾಡುತ್ತದೆಯೇ ಎಂದು ನೋಡಬೇಕು. ತುಟಿಗೂ ಮಾತಿಗೂ ಹೊಂದುತ್ತದೆಯೇ ಎಂದು ದನಿ ಹೆಚ್ಚಿಸಿ ಒಮ್ಮೆ ಕೇಳಿದರೂ ಆದೀತು.

ಕೀಪರನ ಫೋನಿನಲ್ಲಿ ಇದ್ದದ್ದು ಅಸಲಿ ಖಾತೆಯೇ, ನೋಡಿದೆವು. ಜಾಹೀರಾತು ಎಂಬ ಗುರುತು ಎಲ್ಲೂ ಇರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು, ರಿಪೋರ್ಟ್ ಒತ್ತಿ, ಆಮೇಲೆ ಅವನು ಅನ್‌ಫಾಲೋ ಮಾಡಿದ. ಸಿಟ್ಟಿಗೆ ಬ್ಲಾಕ್ ಕೂಡ ಒತ್ತಿಬಿಟ್ಟ. ಸಂಜೆ ಫೋನ್ ಮಾಡಿ, "ಹಳೇ ಮ್ಯಾಚಿನ ವಿಡಿಯೋ ಅದರಾಗ ಇದ್ವು, ಬ್ಲಾಕ್ ತೆಗದ್ರ ಮೊದಲಿನಂಗ ಆಗ್ತದೇನು?" ಎಂದು ಕೇಳಿದ. ಆಗುವುದಿಲ್ಲ. ಬ್ಲಾಕ್ ತೆಗೆದರೆ ಪುಟ ಮತ್ತೆ ಕಾಣುತ್ತದೆ, ಹಳೆಯ ವಿಡಿಯೋ ನೋಡಬಹುದು. ಫಾಲೋ ಮಾತ್ರ ತಾನಾಗಿ ವಾಪಸ್ ಬರುವುದಿಲ್ಲ, ಬೇಕಾದರೆ ಅದನ್ನು ಮತ್ತೊಮ್ಮೆ ಕೈಯಿಂದಲೇ ಒತ್ತಬೇಕು.